ಮಧುಗಿರಿ ಬೆಟ್ಟಕ್ಕೊಂದು ಗೇಮ್ ಕವರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ವಿಷಯ ಬೇಗ ಹತ್ತುತ್ತೆ. ಹಳೇ ಕೋಟೆ ನೋಡೋಕೆ ನಮಗೆ ವಿಡಿಯೊ ಗೇಮ್ ಬೇಕಿಲ್ಲ, ಬಸ್ಸಿನ ಕಿಟಕಿ ಸಾಕು.

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಆಟ ಬಂತು. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗಿ ದಾಳ ಹಾಕ್ತಾರೆ. 1978ರಲ್ಲಿ ಬಂದ ಅದರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ಗೆ ಕವರ್ ಬರೆದವರು ಡೇವಿಡ್ ಟ್ರಾಂಪಿಯರ್. ಕೊಂಬಿರೋ ದೈತ್ಯ ವಿಗ್ರಹ, ಅದರ ಮುಂದೆ ಉರಿಯೋ ಬೆಂಕಿ. ಮೇಲೆ ಹತ್ತಿರೋ ಇಬ್ಬರು ಅದರ ಕಣ್ಣಿನ ರತ್ನ ಕೀಳ್ತಿದ್ದಾರೆ. ಕೆಳಗೆ ಸತ್ತುಬಿದ್ದ ಹಲ್ಲಿಮನುಷ್ಯರು. ಕಾದಾಟ ಮುಗಿದುಹೋಗಿದೆ, ಈಗ ಲೂಟಿ ಟೈಮ್. ನನಗೆ ಇಷ್ಟ ಆಗಿದ್ದೇ ಅದು.

ಈ ಕವರನ್ನ ತಮಾಷೆಯಾಗಿ ಮತ್ತೆ ಬರೆದವರು ಬೇಕಾದಷ್ಟು ಜನ. ನಾನೂ ಮೊಬೈಲ್‌ನಲ್ಲಿ ಶುರು ಮಾಡಿದೆ. ಯಾರು ಎಲ್ಲಿದ್ದಾರೆ ಅನ್ನೋದನ್ನ ಮಾತ್ರ ಕದಲಿಸಬಾರದು: ನಡುವೆ ವಿಗ್ರಹ, ಮೇಲೆ ಕಳ್ಳರು. ಅಷ್ಟಿದ್ರೆ ಮಿಕ್ಕಿದ್ದೆಲ್ಲ ಬದಲಿಸಿದರೂ ಗೊತ್ತಿರೋರು ಗುರುತು ಹಿಡೀತಾರೆ. ಹಿಂದೆ ಮಧುಗಿರಿ ಏಕಶಿಲಾ ಬೆಟ್ಟ ಇಟ್ಟೆ. ಹಲ್ಲಿಮನುಷ್ಯರ ಜಾಗದಲ್ಲಿ, ಬೆಟ್ಟ ಹತ್ತಿ ಸುಸ್ತಾಗಿ ಬಿದ್ದಿರೋ ನಮ್ಮ ಹುಡುಗ್ರು. ಮೂಗು ದಪ್ಪ, ಗೆರೆ ಕಮ್ಮಿ. ಚೆನ್ನಾಗೇ ಬಂತು ಅನ್ಕೊಂಡು ಅಜ್ಜಿಗೆ ತೋರಿಸಿದೆ.

ಅಜ್ಜಿ ನಗಲಿಲ್ಲ. “ಇವ್ರು ನಿಧಿ ಕಳ್ರಲ್ವೇನ್ಲಾ? ಇವ್ರುನ್ನ ಯಾಕ್ಲಾ ಬರ್ದೆ?”

ಹೌದಲ್ವಾ! ಅಮೆರಿಕದ ಹುಡುಗನಿಗೆ ಅದು ಕಲ್ಪನೆ. ನಮ್ಮ ಸೀಮೆಯಲ್ಲಿ ಪಾವಗಡದ ನಿಡಗಲ್ಲು, ಮಧುಗಿರಿಯ ಮಿಡಿಗೇಶಿ, ಎಲ್ಲೆಲ್ಲೂ ಬೆಟ್ಟ, ಬೆಟ್ಟದ ಮೇಲೆ ಕೋಟೆ. ನಿಧಿ ಆಸೆಗೆ ಹಳೇ ಗುಡಿ ಅಗೆಯೋದು ನಮ್ಮ ರಾಜ್ಯದಲ್ಲಿ ಹೊಸ ಸುದ್ದಿ ಏನಲ್ಲ. ನಾನು ಜೋಕ್ ಅಂತ ಬರೆದಿದ್ದು ಅಜ್ಜಿಗೆ ಕೇಸು.

ಅಳಿಸೋಕೆ ಮನಸ್ಸು ಬರಲಿಲ್ಲ. ಕೆಳಗೆ ಮೂಲೆಯಲ್ಲಿ ಟಾರ್ಚು, ಕೋಲು ಹಿಡಿದ ಅಜ್ಜಿನ ನಿಲ್ಲಿಸಿದೆ. ಟಾರ್ಚಿನ ಬೆಳಕು ನೇರ ಕಳ್ಳರ ಮುಖಕ್ಕೆ. ಅಲ್ಲಿವರೆಗೆ ಅದು ಟ್ರಾಂಪಿಯರ್ ಚಿತ್ರದ ನಕಲಾಗಿತ್ತು, ಆಮೇಲೆ ಸ್ವಲ್ಪ ನಂದೂ ಆಯ್ತು.

ಹಾಗಂತ ಅವರ ಹೆಸರು ಬಿಡೋಕಾಗಲ್ಲ. ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಬರ್ತಿದ್ದ ಅವರ ‘ವರ್ಮಿ’ ಕಾಮಿಕ್ 1988ರಲ್ಲಿ ಅರ್ಧಕ್ಕೇ ನಿಂತೋಯ್ತು. ಅಷ್ಟು ಜನ ನಕಲು ಮಾಡಿದ ಕವರ್ ಬರೆದವರು ಮುಂದೆ ಇಲಿನಾಯ್‌ನ ಕಾರ್ಬನ್‌ಡೇಲ್‌ನಲ್ಲಿ ಟ್ಯಾಕ್ಸಿ ಓಡಿಸ್ತಿದ್ರು. 2014ರಲ್ಲಿ ತೀರಿಕೊಂಡ್ರು. ನನ್ನ ಸಹಿಗಿಂತ ಮೇಲೆ ‘ಮೂಲ: ಟ್ರಾಂಪಿಯರ್, 1978’ ಅಂತ ದಪ್ಪಕ್ಷರದಲ್ಲಿ ಬರೆದಿದ್ದೀನಿ.

ಅಜ್ಜಿ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಕೋಲು ಬಲಗೈಲಿ ಇರಬೇಕಿತ್ತಂತೆ.