ನೊಂದ ಮನಸ್ಸಿನ ವಿಚಾರಗಳು



ಶರೀರಕ್ಕೆ ಗಾಯವಾದರೆ ವೈದ್ಯರ ಬಳಿಗೆ ಧಾವಿಸುವ ನಾವು, ಮನಸ್ಸಿಗೆ ಗಾಯವಾದಾಗ ಮೌನ ವಹಿಸುತ್ತೇವೆ. ಶತಮಾನೋತ್ಸವದ ಈ ಸುಸಂದರ್ಭದಲ್ಲಿ ಆ ಮೌನವನ್ನು ಕುರಿತು ಎರಡು ಮಾತುಗಳನ್ನು ಆಡಬಯಸುತ್ತೇವೆ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನರು ಅಸುನೀಗಿದರು. ಅವರಲ್ಲಿ ಬಹುಪಾಲು ಮಕ್ಕಳು. ಮೃತರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿದರು. ಇಂಥ ದುರಂತದಲ್ಲಿ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಊಹಿಸಿಕೊಳ್ಳೋಣ. "ನಾನೇ ಕಳುಹಿಸಿದೆ, ನಾನೇ ಕೊಂದೆ" ಎಂಬ ವಿಚಾರ ಆಕೆಯನ್ನು ಹಗಲಿರುಳು ಸುಡುತ್ತದೆ. ಕ್ರಮೇಣ "ಯಾವ ಸ್ಥಳವೂ ಕ್ಷೇಮವಲ್ಲ, ಯಾರನ್ನೂ ನಂಬಲಾಗದು" ಎಂದು ಅದು ಬಾಳನ್ನೆಲ್ಲ ವ್ಯಾಪಿಸುತ್ತದೆ. ಉಳಿದ ಮಕ್ಕಳನ್ನು ಶಾಲೆಗೆ ಕಳುಹಿಸಲೂ ಆಕೆ ಅಂಜುತ್ತಾಳೆ. ಮುಂಜಾನೆಯ ಮಂಜು ನಮ್ಮ ಕಳವಾರ ಬೆಟ್ಟವನ್ನು ಮುಚ್ಚುವಂತೆ, ಅಪರಾಧಭಾವವು ಸತ್ಯವನ್ನು ಮರೆಮಾಡುತ್ತದೆ.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೋಗಿಯ ವಿಚಾರಗಳನ್ನೇ ಚಿಕಿತ್ಸೆಯ ಕ್ಷೇತ್ರವನ್ನಾಗಿ ಮಾಡಿದರು. ಆಘಾತಕ್ಕೊಳಗಾದವರಿಗೆ ತಕ್ಕ ಚಿಕಿತ್ಸೆಯೊಂದನ್ನು 1980ರ ದಶಕದ ಕೊನೆಯಲ್ಲಿ ಪೆಟ್ರೀಶಿಯಾ ರೆಸಿಕ್ ರೂಪಿಸಿದರು. ಸಾಮಾನ್ಯವಾಗಿ 12 ಭೇಟಿಗಳ ಈ ಕ್ರಮದಲ್ಲಿ, ದುರಂತ ಏಕೆ ಸಂಭವಿಸಿತೆಂಬ ತಮ್ಮ ನಂಬಿಕೆಯನ್ನು ನೊಂದವರು ಬರೆಯುತ್ತಾರೆ. ಚಿಕಿತ್ಸಕರು ಉಪದೇಶಿಸುವುದಿಲ್ಲ, ಪ್ರಶ್ನಿಸುತ್ತಾರೆ. ಆ ದಿನ ನಿಮಗೆ ಏನು ತಿಳಿದಿತ್ತು? ಬೆಂಕಿ ಬೀಳುವುದೆಂದು ಅರಿತಿದ್ದಿರಾ? ಮಗುವಿಗೆ ನೀವು ಬಯಸಿದ್ದು ಕೇಡನ್ನೋ, ಸಂತೋಷವನ್ನೋ? ನಂತರ ತಿಳಿದುದನ್ನು ಮೊದಲೇ ಬಲ್ಲವಳಂತೆ ತನ್ನನ್ನು ತಾನು ದಂಡಿಸಿಕೊಳ್ಳುತ್ತಿರುವುದು ಆಗ ಆಕೆಗೆ ಗೋಚರವಾಗುತ್ತದೆ. ನೆನಪು ಅಳಿಯುವುದಿಲ್ಲ, ದುಃಖವೂ ಉಳಿಯುತ್ತದೆ. ಆದರೆ "ನಾನೇ ಕೊಂದೆ" ಎಂಬ ಮಾತು, "ಅದರ ಸಂತೋಷಕ್ಕಾಗಿ ಕಳುಹಿಸಿದೆ, ಮುಂದಿನದನ್ನು ನಾನು ಅರಿತಿರಲಿಲ್ಲ" ಎಂದು ಬದಲಾಗುತ್ತದೆ. ಆ ಬದಲಾವಣೆಯಿಂದಲೇ ಆಕೆ ಉಳಿದ ಮಕ್ಕಳ ಕೈಹಿಡಿದು ಹೊಸ್ತಿಲು ದಾಟಬಲ್ಲಳು.

ಇಲ್ಲಿ ಗುರುಗಳಾದ ನಾವೂ ಎಚ್ಚರ ವಹಿಸಬೇಕು. ತಿಳಿದು, ಮನಃಪೂರ್ವಕವಾಗಿ ಗೈದುದು ಪಾಪ, ಬದುಕುಳಿದುದು ಪಾಪವಲ್ಲ. ಮಾಡದ ತಪ್ಪಿಗಾಗಿ ಮತ್ತೆ ಮತ್ತೆ ಪಾಪನಿವೇದನೆಗೆ ಬರುವವರನ್ನು ಪ್ರಾರ್ಥನೆಯೊಂದಿಗೆ ಚಿಕಿತ್ಸಕರ ಬಳಿಗೂ ಕಳುಹಿಸುವುದು ನಮ್ಮ ಕರ್ತವ್ಯ. ಸಿಲೊವಾಮಿನ ಗೋಪುರ ಕುಸಿದು 18 ಮಂದಿ ಸತ್ತಾಗ, ಅವರು ಇತರರಿಗಿಂತ ದೊಡ್ಡ ಅಪರಾಧಿಗಳೆಂಬ ಭಾವನೆಯನ್ನು ಪ್ರಭುವೇ ನಿರಾಕರಿಸಿದರಲ್ಲವೇ? ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ಆತನ ಬಳಿ ಕುಳಿತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ತಪ್ಪು ಹುಡುಕತೊಡಗಿದ ಮೇಲೆ ಅವರು ಹೊರೆಯಾದರು.

ಆದ್ದರಿಂದ ಪ್ರಿಯರೇ, ನೊಂದವರಿಗೆ "ದೇವರ ಶಿಕ್ಷೆ" ಎನ್ನದಿರೋಣ. "ಮರೆತುಬಿಡಿ" ಎಂದೂ ಅವಸರಪಡಿಸದಿರೋಣ. ಅವರ ಮಾತನ್ನು ಕೇಳೋಣ. ಅಗತ್ಯವಾದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆಗೆ 14416ರ ದೂರವಾಣಿಯಲ್ಲಿ, ಹಣ ತೆರದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮುರಿದ ಮನಸ್ಸಿಗೆ ನೆರವನ್ನು ಅರಸುವುದು ವಿಶ್ವಾಸದ ಕೊರತೆಯಲ್ಲ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.