ಪಡುವಣದ ಬ್ಯಾಂಡುಗಳೂ ನಮ್ಮ ಮಕ್ಕಳ ಪ್ರಶ್ನೆಗಳೂ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣಕ್ಕೆ ನಮ್ಮನ್ನು ಯಾವ ಅರ್ಹತೆಯ ಮೇಲೆ ಆರಿಸಿದರೆಂದು ತಮ್ಮಲ್ಲಿ ಕೆಲವರಿಗೆ ಸಂಶಯ ಬಂದಿರಬಹುದು. ನಮಗೂ ಬಂದಿದೆ. ನಾವು ಸಂಗೀತ ಕಲಿತವರಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರು. ಶ್ರುತಿ ತಪ್ಪಿದರೆ ನಮಗೆ ತಿಳಿಯದು, ಲೆಕ್ಕ ತಪ್ಪಿದರೆ ತಿಳಿಯುತ್ತದೆ. ಆದರೆ ಕಾಲೇಜಿನ ದಿನಗಳಿಂದಲೂ ಇಂಗ್ಲಿಷ್ ಬ್ಯಾಂಡುಗಳ ಹಾಡು ಕೇಳುವ ಚಟವೊಂದು ಅಂಟಿಕೊಂಡಿದೆ. ಸಂಘದ ಹುಡುಗರು ಇದನ್ನು ಹೇಗೋ ಪತ್ತೆ ಮಾಡಿಕೊಂಡು, ಪ್ರತಿ ಕೂಟದಲ್ಲಿಯೂ ಉಪ್ಪಿಟ್ಟು ಕಾಫಿಯ ಹೊತ್ತಿಗೆ ನಮ್ಮನ್ನು ಮುತ್ತಿಕೊಳ್ಳುತ್ತಾರೆ. ಆ ಪ್ರಶ್ನೆಗಳಿಗೆಲ್ಲ ಒಮ್ಮೆ ವೇದಿಕೆಯ ಮೇಲಿಂದಲೇ ಉತ್ತರ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಅದನ್ನು ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ಹಿರಿಯರ ಪ್ರಶ್ನೆ. ಬ್ಯಾಂಡು ಎಂದರೆ ಮದುವೆಯ ಮೆರವಣಿಗೆಯ ಮುಂದೆ ಹೋಗುವುದಲ್ಲವೆ ಎಂದು ನಮ್ಮ ತಾಯಿಯವರೇ ಕೇಳಿದ್ದುಂಟು. ಇದು ಅದಲ್ಲ. ನಾಲ್ಕೈದು ಮಂದಿ ಗೆಳೆಯರು ಗಿಟಾರು, ಡ್ರಮ್ಮು ಇಟ್ಟುಕೊಂಡು, ತಾವೇ ಹಾಡು ಕಟ್ಟಿ ತಾವೇ ಹಾಡುವ ಮೇಳ. ರಾಕ್ ಎಂದರೆ ಇಲ್ಲಿ ಬಂಡೆಯಲ್ಲ, ತೂಗಾಟ. ಅಮೆರಿಕದ ಕರಿಯ ಜನರ ಹಾಡಿನ ಬೇರಿನಿಂದ 1950ರ ಸುಮಾರಿಗೆ ಚಿಗುರಿದ ಈ ಸಂಗೀತವನ್ನು ಇಂಗ್ಲೆಂಡಿನ ಹುಡುಗರು ರೆಕಾರ್ಡು ಕೇಳಿ ಕೇಳಿ ಕಲಿತರು. ನಮ್ಮ ಕಚೇರಿಯಲ್ಲಿ ಮುಖ್ಯ ಗಾಯಕರೊಬ್ಬರು, ಉಳಿದವರು ಪಕ್ಕವಾದ್ಯದವರು. ಬ್ಯಾಂಡಿನಲ್ಲಿ ಹಾಗಲ್ಲ, ಎಲ್ಲರೂ ಪಾಲುದಾರರು. ಅದರ ಸೊಗಸೂ ಅಲ್ಲಿದೆ, ತಂಟೆಯೂ ಅಲ್ಲಿದೆ.

ಮಕ್ಕಳು ಹೆಚ್ಚಾಗಿ ಕೇಳುವುದು ಬೀಟಲ್ಸ್ ಎಂಬ ಬ್ಯಾಂಡಿನ ವಿಷಯ. ಲಿವರ್‌ಪೂಲ್ ಎಂಬ ಬಂದರು ಪಟ್ಟಣದ ನಾಲ್ವರು ಹುಡುಗರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. ಡೆಕ್ಕಾ ಎಂಬ ರೆಕಾರ್ಡು ಕಂಪನಿ 1962ರಲ್ಲಿ ಇವರ ಹಾಡು ಕೇಳಿ ಬೇಡವೆಂದಿತು. ಅದೇ ವರ್ಷ ಇ.ಎಂ.ಐ. ಕಂಪನಿ ಇವರನ್ನು ಸೇರಿಸಿಕೊಂಡಿತು. ಅಲ್ಲಿ ಇವರಿಗೆ ಸಿಕ್ಕ ಕರಾರು ಎಂಥದು? ಮಾರಾಟವಾದ ಒಂದು ಪ್ಲೇಟಿಗೆ ಒಂದು ಪೆನ್ನಿ, ಅದೂ ನಾಲ್ವರಿಗೂ ಸೇರಿ. ಆಗ ಒಂದು ಪೌಂಡಿಗೆ 240 ಪೆನ್ನಿ. ಈ ಲೆಕ್ಕವನ್ನು ನಾವು ಚಲನ್ ಒಂದರ ಹಿಂಬದಿಯಲ್ಲಿ ಹಾಕಿ ನೋಡಿದೆವು. ಒಂದು ಲಕ್ಷ ಪ್ಲೇಟು ಮಾರಿದರೆ 416 ಪೌಂಡು 13 ಷಿಲ್ಲಿಂಗು 4 ಪೆನ್ಸು. ಅದರಲ್ಲಿ ಅವರ ವ್ಯವಸ್ಥಾಪಕ ಬ್ರಯಾನ್ ಎಪ್ಸ್ಟೀನರ ಪಾಲು ನೂರಕ್ಕೆ 25ರಂತೆ ಕಳೆದರೆ, ತಲೆಗೆ ಬರುವುದು 78 ಪೌಂಡು ಚಿಲ್ಲರೆ. ಲಕ್ಷ ಮನೆಗಳಲ್ಲಿ ಹಾಡು ಮೊಳಗುತ್ತಿದ್ದರೂ ಹುಡುಗರ ಕಿಸೆಗೆ ಬಿದ್ದದ್ದು ಇಷ್ಟೇ.

ಹಾಗಾದರೆ ಅವರು ಶ್ರೀಮಂತರಾದದ್ದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಪ್ಲೇಟು ನುಡಿಸಿದವರಿಗೆ ಒಂದು ಹಣ, ಹಾಡು ಕಟ್ಟಿದವರಿಗೆ ಬೇರೆಯೇ ಒಂದು ಹಣ. ಎರಡು ಪ್ರತ್ಯೇಕ ಖಾತೆಗಳು ಎಂದಿಟ್ಟುಕೊಳ್ಳಿ. ಯಾರು ಎಲ್ಲಿ ಹಾಡಿದರೂ ಕಟ್ಟಿದವನ ಖಾತೆಗೆ ಜಮೆಯಾಗುತ್ತಲೇ ಇರುತ್ತದೆ. ಲೆನನ್ ಮತ್ತು ಮೆಕಾರ್ಟ್ನಿ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು: ಯಾರೊಬ್ಬರು ಕಟ್ಟಿದರೂ ಇಬ್ಬರ ಹೆಸರೂ ಇರತಕ್ಕದ್ದು. ‘ಯೆಸ್ಟರ್‌ಡೇ’ ಎಂಬ 1965ರ ಹಾಡನ್ನು ಕಟ್ಟಿದವನು ಮೆಕಾರ್ಟ್ನಿ, ಹಾಡಿದವನೂ ಅವನೇ. ಅವನ ಗಿಟಾರಿನ ಜೊತೆಗಿದ್ದದ್ದು ನಾಲ್ಕು ತಂತಿವಾದ್ಯಗಳು ಮಾತ್ರ. ಉಳಿದ ಮೂವರು ಅದರಲ್ಲಿ ನುಡಿಸಲೇ ಇಲ್ಲ. ಆದರೂ ಹಾಡು ಇಬ್ಬರದೆಂದೇ ದಾಖಲೆ. ನಮ್ಮ ದಾಸರಿಗೆ ಈ ತೊಡಕು ಇರಲಿಲ್ಲ. ಪುರಂದರ ವಿಠಲನೆಂದೋ ಕಾಗಿನೆಲೆಯಾದಿಕೇಶವನೆಂದೋ ಅಂಕಿತವನ್ನು ಹಾಡಿನ ಒಳಗೇ ಕೂರಿಸಿಬಿಟ್ಟರು. ಹಾಡುವವನು ಎಷ್ಟೇ ಮರೆವಿನವನಾದರೂ ಕೊನೆಯ ಚರಣದಲ್ಲಿ ಕಟ್ಟಿದವರ ಗುರುತು ಹೇಳಿಯೇ ಏಳಬೇಕು.

ಇನ್ನೊಂದು ಸೋಜಿಗವಿದೆ. ಆ ಇಬ್ಬರ ಹಾಡುಗಳ ಒಡೆತನಕ್ಕಾಗಿ 1963ರಲ್ಲಿ ನಾರ್ದರ್ನ್ ಸಾಂಗ್ಸ್ ಎಂಬ ಕಂಪನಿ ಹುಟ್ಟಿತು. 1965ರಲ್ಲಿ ಅದರ ಷೇರುಗಳು ಲಂಡನ್ನಿನ ಷೇರುಪೇಟೆಗೆ ಬಂದವು. ಪೇಟೆಗೆ ಬಂದ ಮೇಲೆ ಯಾರು ಬೇಕಾದರೂ ಕೊಳ್ಳಬಹುದಷ್ಟೆ? 1969ರಲ್ಲಿ ಎ.ಟಿ.ವಿ. ಎಂಬ ಕಂಪನಿ ಅದನ್ನು ವಶಪಡಿಸಿಕೊಂಡಿತು. 1985ರಲ್ಲಿ ಮೈಕೆಲ್ ಜಾಕ್ಸನ್ ಎಂಬ ಅಮೆರಿಕದ ಗಾಯಕ 4 ಕೋಟಿ 75 ಲಕ್ಷ ಡಾಲರು ಕೊಟ್ಟು ಆ ಗಂಟನ್ನೇ ಕೊಂಡುಕೊಂಡ. ಕಟ್ಟಿದವರಿಗೆ ಕಟ್ಟಿದ ಪಾಲು ಬರುತ್ತಿತ್ತು, ನಿಜ. ಆದರೆ ತಾವು ಹೆತ್ತ ಹಾಡಿನ ಒಡೆತನ ತಮ್ಮ ಕೈಯಲ್ಲಿರಲಿಲ್ಲ.

ಅವರು ಒಡೆದುಹೋದದ್ದೇಕೆ? ಇದು ಪ್ರತಿ ಸಲವೂ ಬರುವ ಪ್ರಶ್ನೆ. ಲೆನನ್ನನ ಹೆಂಡತಿ ಯೋಕೋ ಓನೋ ಕಾರಣವೆಂದು ಹೇಳಿ ಮುಗಿಸುವವರು ಬಹಳ. ಮನೆ ಮುರಿದರೆ ಸೊಸೆಯ ತಲೆಗೆ ಕಟ್ಟುವ ರೂಢಿ ನಮ್ಮಲ್ಲಿ ಮಾತ್ರ ಇದೆಯೆಂದು ನಾವು ತಿಳಿದಿದ್ದೆವು. ದಾಖಲೆ ನೋಡಿದರೆ ಸಂಗತಿ ಬೇರೆ. 1967ರ ಆಗಸ್ಟಿನಲ್ಲಿ ಎಪ್ಸ್ಟೀನ್ ತೀರಿಕೊಂಡರು. ವ್ಯವಹಾರ ನೋಡುವ ಯಜಮಾನರಿಲ್ಲದಾಯಿತು. 1969ರಲ್ಲಿ ಮೂವರು ಒಬ್ಬ ವ್ಯವಸ್ಥಾಪಕ ಬೇಕೆಂದರು, ಮೆಕಾರ್ಟ್ನಿ ತನ್ನ ಹೆಂಡತಿಯ ಕಡೆಯವರು ಬೇಕೆಂದ. ಹ್ಯಾರಿಸನ್ನನಿಗೆ ತನ್ನ ಹಾಡಿಗೆ ಜಾಗ ಸಿಗುತ್ತಿಲ್ಲವೆಂಬ ಕೊರಗು ಬಹುಕಾಲದ್ದು. ಬ್ಯಾಂಡು ಮುರಿದ 1970ರಲ್ಲಿಯೇ ಅವನು ಒಮ್ಮೆಗೆ ಮೂರು ಪ್ಲೇಟುಗಳ ಸಂಪುಟ ಹೊರತಂದದ್ದನ್ನು ನೋಡಿದರೆ, ಒಳಗೆ ಎಷ್ಟು ಕಟ್ಟಿಟ್ಟುಕೊಂಡಿದ್ದನೆಂದು ತಿಳಿಯುತ್ತದೆ. 1970ರ ಡಿಸೆಂಬರ್ 31ರಂದು ಮೆಕಾರ್ಟ್ನಿ ಮಿಕ್ಕ ಮೂವರ ಮೇಲೆ ದಾವೆ ಹೂಡಿದ. ಮರುವರ್ಷ ನ್ಯಾಯಾಲಯ ರಿಸೀವರನ್ನು ನೇಮಿಸಿತು. ಪಾಲುದಾರಿಕೆ ಕಾನೂನಿನಂತೆ ಮುಗಿದದ್ದು 1975ರ ಜನವರಿಯಲ್ಲಿ. ದಿವಾಳಿಯೆದ್ದ ಅಂಗಡಿಗೆ ಬರುವ ರಿಸೀವರೇ, ಜಗತ್ತೆಲ್ಲ ಕುಣಿದ ಹಾಡಿನ ಮನೆಗೂ ಬಂದರು.

ಇನ್ನು ಪುಣೆಯ ಮಕ್ಕಳು ಬಿಡದೆ ಕೇಳುವ ಪ್ರಶ್ನೆ: ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗಣಿಯಲ್ಲಿ ಓದಿದವನಂತೆ, ಹೌದೆ? ಹೌದು. ಅವನ ಹುಟ್ಟುಹೆಸರು ಫಾರೂಖ್ ಬುಲ್ಸಾರಾ. 1946ರ ಸೆಪ್ಟೆಂಬರ್ 5ರಂದು ಆಫ್ರಿಕದ ಕಡೆಯ ಜಾಂಜಿಬಾರಿನಲ್ಲಿ ಪಾರಸಿ ಮನೆತನದಲ್ಲಿ ಹುಟ್ಟಿದವನು. ತಂದೆ ಅಲ್ಲಿಯ ಬ್ರಿಟಿಷ್ ಸರಕಾರದ ಕಚೇರಿಯಲ್ಲಿ ಕ್ಯಾಷಿಯರು (ನಮ್ಮ ವೃತ್ತಿಬಾಂಧವರು ಎಂದು ಹೇಳಿಕೊಳ್ಳಲು ನಮಗೆ ಸಂತೋಷ). ಎಂಟು ವರ್ಷದ ಮಗುವನ್ನು ಹಡಗು ಹತ್ತಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳುಹಿಸಿದರು. ಪಿಯಾನೋ ಕಲಿತದ್ದು, ಗೆಳೆಯರೊಡನೆ ‘ಹೆಕ್ಟಿಕ್ಸ್’ ಎಂಬ ಬ್ಯಾಂಡು ಕಟ್ಟಿದ್ದು, ಫ್ರೆಡ್ಡಿ ಎನ್ನಿಸಿಕೊಂಡದ್ದು ಎಲ್ಲ ಆ ಬೆಟ್ಟದ ಮೇಲೆಯೇ. 1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾಗಿ ಸಂಸಾರವೆಲ್ಲ ಇಂಗ್ಲೆಂಡಿಗೆ ಹೋಯಿತು. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

1970ರಲ್ಲಿ ಲಂಡನ್ನಿನಲ್ಲಿ ಅವರು ಕಟ್ಟಿದ ಬ್ಯಾಂಡು ಕ್ವೀನ್. ಗಿಟಾರಿನ ಬ್ರಯಾನ್ ಮೇ, ಡ್ರಮ್ಮಿನ ರೋಜರ್ ಟೇಲರ್ ಜೊತೆಗಿದ್ದರು. ಮರುವರ್ಷ ಜಾನ್ ಡೀಕನ್ ಬಂದು ಸೇರಿದ. ಹಾಡು ಹಿಡಿದರೆ ಓದು ಕೆಡುತ್ತದೆ ಎನ್ನುವ ತಂದೆತಾಯಿಯರ ಗಮನಕ್ಕೆ ಒಂದು ಮಾತು: ಈ ಮೇ ಮಹಾಶಯರು ನಡುವೆ ಬಿಟ್ಟಿದ್ದ ಖಗೋಳವಿಜ್ಞಾನದ ಸಂಶೋಧನೆಯನ್ನು ಮತ್ತೆ ಹಿಡಿದು 2007ರಲ್ಲಿ ಡಾಕ್ಟರೇಟು ಪಡೆದರು.

ಈ ನಾಲ್ವರೂ ಹಾಡು ಕಟ್ಟಬಲ್ಲವರು. ತೊಡಕು ಬಂದದ್ದು ಅಲ್ಲೇ. 1975ರಲ್ಲಿ ‘ಬೊಹೀಮಿಯನ್ ರಾಪ್ಸಡಿ’ ಎಂಬ ಹಾಡು ಬಂದಿತು, ಕಟ್ಟಿದವನು ಫ್ರೆಡ್ಡಿ. ಆರು ನಿಮಿಷದಷ್ಟು ಉದ್ದದ ಹಾಡು, ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಪ್ಲೇಟಿಗೆ ಎರಡು ಮುಖ. ಹಿಂದಿನ ಮುಖದಲ್ಲಿ ಇದ್ದದ್ದು ಟೇಲರ್ ಕಾರಿನ ಮೋಹದ ಮೇಲೆ ಕಟ್ಟಿದ ಹಾಡು. ಕೊಂಡವರು ಕೊಂಡದ್ದು ಮುಂದಿನ ಮುಖಕ್ಕಾಗಿ. ಆದರೆ ಪ್ಲೇಟು ಒಂದೇ ಆದ್ದರಿಂದ ಎರಡೂ ಮುಖದವರಿಗೆ ಕಟ್ಟಿದ ಹಣ ಸರಿಸಮ. ಈ ವಿಷಯವಾಗಿ ಅವರೊಳಗೆ ಬಹಳ ಕಾಲ ಇರಸುಮುರಸು ಇತ್ತು. ಕಡೆಗೆ 1989ರ ‘ದಿ ಮಿರಕಲ್’ ಸಂಪುಟದಲ್ಲಿ, ಯಾರು ಕಟ್ಟಿದರೂ ಹಾಡು ಕ್ವೀನ್ ಬ್ಯಾಂಡಿನದೆಂದೇ ನಾಲ್ವರೂ ಬರೆಯಿಸಿದರು. ಜಗಳ ನಿಂತಿತು. 1991ರ ನವೆಂಬರಿನಲ್ಲಿ ಫ್ರೆಡ್ಡಿ ತೀರಿಕೊಂಡ. ಒಟ್ಟಾಗಿ ಕುಳಿತು ಹಾಡು ಕಟ್ಟಲು ಅವರಿಗೆ ಉಳಿದಿದ್ದ ಕಾಲ ಎರಡೇ ವರ್ಷವಾಗಿತ್ತು.

ಈಗ ನಮ್ಮ ಅರಿಕೆ. ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ನಾಲ್ವರು ಮಕ್ಕಳು ಗಿಟಾರು ಡ್ರಮ್ಮು ಹಿಡಿದು ಒಂದು ಕನ್ನಡ ಹಾಡು ಹಾಡಿದ್ದು ತಮಗೆ ನೆನಪಿರಬಹುದು. ತಾವೆಲ್ಲ ಚಪ್ಪಾಳೆ ತಟ್ಟಿದಿರಿ. ಕಾರ್ಯಕ್ರಮದ ಪಟ್ಟಿಯನ್ನು ಅಚ್ಚಿಗೆ ಕಳುಹಿಸಿದವರು ನಾವು. ಹಾಡಿದ ಹುಡುಗಿಯ ಹೆಸರು ಹಾಕಿ ‘ಮತ್ತು ಸಂಗಡಿಗರು’ ಎಂದು ಮುಗಿಸಿದೆವು. ಆ ಹಾಡಿನ ಧಾಟಿ ಕೂರಿಸಿದವನು ಹಿಂದೆ ನಿಂತು ಗಿಟಾರು ನುಡಿಸುತ್ತಿದ್ದ ಹತ್ತನೆಯ ತರಗತಿಯ ಹುಡುಗ. ಅವನು ಬಂದು ಮೆಲ್ಲಗೆ ಕೇಳಿದಾಗ, ‘ಇರಲಿ ಬಿಡಪ್ಪ, ಮುಂದಿನ ಸಲ ನೋಡೋಣ’ ಎಂದೆವು. ಅಂದಿನಿಂದ ಅವನು ಸಂಘಕ್ಕೆ ಬರಲಿಲ್ಲ. ಯುಗಾದಿಗೆ ಮಕ್ಕಳ ಬ್ಯಾಂಡೂ ಇರಲಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆವು. ತಾಯಿಯವರು ಕಾಫಿ ಕೊಟ್ಟು ಉಪಚರಿಸಿದರು. ಹುಡುಗ ಬಾಗಿಲಲ್ಲಿ ನಿಂತು ಕೇಳಿದ: ‘ಅಂಕಲ್, ನಮ್ಮಪ್ಪ ಕಟ್ಟಿದ ದುಡ್ಡು ನಿಮ್ಮ ಬ್ಯಾಂಕಿನಲ್ಲಿ ಬೇರೆಯವರ ಖಾತೆಗೆ ಹೋದರೂ ಮುಂದಿನ ಸಲ ನೋಡೋಣ ಅಂತೀರಾ?’

ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಯನ್ನು ಯಾವ ಇನ್‌ಸ್ಪೆಕ್ಟರೂ ನಮಗೆ ಕೇಳಿರಲಿಲ್ಲ. ಬ್ಯಾಂಕಿನಲ್ಲಾದರೆ ತಪ್ಪು ಜಮೆಯನ್ನು ಕಂಡ ದಿನವೇ ತಿರುಗಿಸಿ ಬರೆಯಬೇಕು. ನಾವು ಒಂದು ವರ್ಷ ತಡಮಾಡಿದ್ದೇವೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಪಡೆದು, ಈ ಸಲದ ಸ್ಮರಣ ಸಂಚಿಕೆಯಲ್ಲಿ ಹಿಂದಿನ ಪಟ್ಟಿಯ ತಿದ್ದುಪಡಿಯನ್ನು ಅಚ್ಚು ಹಾಕಿಸುತ್ತಿದ್ದೇವೆ. ಈ ವರ್ಷ ಹಾಡುವ ಮಕ್ಕಳಿಗಾಗಿ ಬಾಗಿಲ ಬಳಿಯ ಮೇಜಿನ ಮೇಲೆ ಫಾರಮುಗಳಿವೆ. ಸಾಹಿತ್ಯ ಯಾರದು, ಧಾಟಿ ಯಾರದು, ಯಾರು ಯಾವ ವಾದ್ಯ ಎಂದು ಪ್ರತ್ಯೇಕ ಬರೆಯಲು ಜಾಗ ಬಿಟ್ಟಿದ್ದೇವೆ. ಧಾಟಿ ಇಬ್ಬರದಾಗಿದ್ದರೆ ಇಬ್ಬರೂ ರುಜು ಮಾಡಿರಿ. ತಕರಾರಿದ್ದರೆ ಅಚ್ಚಿಗೆ ಹೋಗುವ ಮುನ್ನವೇ ತಿಳಿಸಿರಿ. ಆ ಹುಡುಗ ಇಂದೂ ಬಂದಿಲ್ಲ. ಅವನ ತಂಗಿ ಬಂದಿದ್ದಾಳೆ, ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಮರಿ, ಹೋಗುವಾಗ ಒಂದು ಫಾರಂ ನಿನ್ನ ಅಣ್ಣನಿಗೂ ತೆಗೆದುಕೊಂಡು ಹೋಗಮ್ಮ.