ಕೂಸು ಸಿದ್ಧವೇ?

(ಪಿಯಾರಾ ವಾಟರ್ಸ್‌ನಲ್ಲಿ ಸೇರಿದ್ದ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ಕೂಟದಲ್ಲಿ ನಾವು ಸಾಮಾನ್ಯವಾಗಿ ಚುನಾವಣೆ, ಜಾತಿ, ಭಾಷೆಗಳ ಕುರಿತು ಚರ್ಚಿಸುತ್ತೇವೆ. ಇಂದು ನಾನು ಎದೆಹಾಲಿನ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ನವಜಾತ ಶಿಶುಗಳ ವಾರ್ಡಿನಲ್ಲಿ ದಾದಿಯಾಗಿ ದುಡಿಯುವ ನನಗೆ ಇದೂ ಅಧಿಕಾರದ ಪ್ರಶ್ನೆಯಾಗಿಯೇ ಕಾಣುತ್ತದೆ.

ದಿನ ತುಂಬದ, ಅಂದರೆ 37 ವಾರಗಳಿಗೆ ಮುನ್ನ ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದು ಲಯಕ್ಕೆ ತಂದುಕೊಳ್ಳುವುದು ಕಷ್ಟ. ಹೀಗಾಗಿ ತಾಯಿ ಹಿಂಡಿಕೊಟ್ಟ ಹಾಲನ್ನು ಮೊದಮೊದಲು ಸಣ್ಣ ಕೊಳವೆಯ ಮೂಲಕ ಹೊಟ್ಟೆಗೆ ಇಳಿಸುತ್ತೇವೆ. ಮೊಲೆಗೆ ಹಚ್ಚುವುದು ಯಾವಾಗ? ನಾನು ಕೆಲಸ ಕಲಿತ ಆಸ್ಪತ್ರೆಯಲ್ಲಿ ಉತ್ತರ ಸಿದ್ಧವಿತ್ತು: 34 ವಾರ ತುಂಬಬೇಕು, ತೂಕ ಇಷ್ಟಾಗಬೇಕು, ಮೊದಲು ಬಾಟಲಿಯಲ್ಲಿ ಕುಡಿದು ತೋರಿಸಬೇಕು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲಷ್ಟೇ ಅಮ್ಮನ ಎದೆ. ನಾನೂ ಪ್ರಶ್ನಿಸದೆ ಪಾಲಿಸಿದೆ. "ಇನ್ನೆರಡು ವಾರ ತಾಳಮ್ಮ" ಎಂದು ಎಷ್ಟು ಬಾಣಂತಿಯರಿಗೆ ಹೇಳಿದ್ದೇನೋ, ಲೆಕ್ಕವಿಟ್ಟಿಲ್ಲ.

ಈ ಕ್ರಮದ ಬುಡವನ್ನು ಅಲುಗಿಸಿದವರು ಇಬ್ಬರು ದಾದಿಯರು. ಅಮೆರಿಕದ ಪೌಲಾ ಮೈಯರ್ 1980ರ ದಶಕದಲ್ಲಿ ಅದೇ ಕೂಸು ಬಾಟಲಿಯಲ್ಲಿ ಕುಡಿಯುವಾಗಲೂ ಮೊಲೆಯಲ್ಲಿ ಕುಡಿಯುವಾಗಲೂ ಆಮ್ಲಜನಕವನ್ನು ಅಳೆದು ನೋಡಿದರು. ಮೊಲೆಯುಣ್ಣುವಾಗಲೇ ಅದು ಹೆಚ್ಚು ಸ್ಥಿರವಾಗಿತ್ತು. ಬಾಟಲಿಯ ಹಾಲು ಕೂಸಿಗೆ ಬೇಕಿರಲಿ, ಬೇಡವಿರಲಿ ಬಾಯಿಗೆ ಇಳಿಯುತ್ತಿರುತ್ತದೆ. ಮೊಲೆಯಲ್ಲಿ ಕೂಸು ನಡುನಡುವೆ ನಿಂತು ಉಸಿರೆಳೆದುಕೊಳ್ಳುವ ಅವಕಾಶ ಹೆಚ್ಚು. ನಮ್ಮ ಪರ್ತ್‌ನದೇ ಆದ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಡೊನ್ನಾ ಗೆಡ್ಡಿಸ್ ಮತ್ತು ಸಂಗಡಿಗರು ಅಲ್ಟ್ರಾಸೌಂಡ್‌ನಲ್ಲಿ ನೋಡಿ 2008ರಲ್ಲಿ ಪ್ರಕಟಿಸಿದ್ದು ಇದಕ್ಕೆ ಇಂಬು ಕೊಡುತ್ತದೆ: ಕೂಸಿನ ನಾಲಿಗೆ ಕೆಳಗಿಳಿದು ಬಾಯೊಳಗೆ ಸೆಳೆತ ಹೆಚ್ಚಿದಾಗ ಹಾಲು ಹರಿಯುತ್ತದೆ.

ಇನ್ನೊಬ್ಬರು ಸ್ವೀಡನ್ನಿನ ಉಪ್ಸಾಲಾದ ಕೆರ್ಸ್ಟಿನ್ ಹೆಡ್‌ಬರ್ಗ್ ನಿಕ್ವಿಸ್ಟ್. 1996ರಲ್ಲಿ ಅವರು ತಾಯಂದಿರ ಜೊತೆ ಸೇರಿ ಒಂದು ಅಳತೆಗೋಲನ್ನು ರೂಪಿಸಿದರು. ಅದರಲ್ಲಿ ವಯಸ್ಸೂ ಇಲ್ಲ, ತೂಕವೂ ಇಲ್ಲ. ಕೂಸು ಏನು ಮಾಡುತ್ತಿದೆ ಎಂಬುದಷ್ಟೇ ಇದೆ. ಕೆನ್ನೆಗೆ ಮೊಲೆ ತಾಗಿದಾಗ ಬಾಯಿ ತೆರೆದು ಅತ್ತ ತಿರುಗುತ್ತದೆಯೇ? ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತದೆಯೋ, ಸುತ್ತಲಿನ ಕಪ್ಪು ಭಾಗವನ್ನೂ ಬಾಯಿಗೆ ತೆಗೆದುಕೊಳ್ಳುತ್ತದೆಯೋ? ಎಷ್ಟು ಹೊತ್ತು ಕಚ್ಚಿಕೊಂಡಿರುತ್ತದೆ? ಒಂದೇ ಸಮನೆ ಎಷ್ಟು ಸಲ ಚೀಪುತ್ತದೆ? ನುಂಗುವ ಸದ್ದು ಕೇಳಿಸುತ್ತದೆಯೇ? 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 71 ಕೂಸುಗಳಿದ್ದವು. 28 ವಾರದ ಕೂಸುಗಳೂ ಮೊಲೆಯನ್ನು ಅರಸಿ ಹಿಡಿದದ್ದು ಕಂಡುಬಂತು. ಕೆಲವು 34 ವಾರ ತುಂಬುವ ಮೊದಲೇ ಪೂರ್ತಿ ಎದೆಹಾಲಿಗೆ ಬಂದವು, ಕೆಲವಕ್ಕೆ 40 ವಾರ ಬೇಕಾಯಿತು. ಇಷ್ಟು ಅಂತರವಿರುವಾಗ ಒಂದೇ ತಾರೀಖನ್ನು ಎಲ್ಲರ ತೊಟ್ಟಿಲಿಗೂ ತಗುಲಿಹಾಕುವುದು ನಮ್ಮ ಅನುಕೂಲಕ್ಕಲ್ಲದೆ ಮತ್ತೇನು?

ಅವಸರವೂ ತರವಲ್ಲ. ಉಸಿರು, ಹೃದಯ ಬಡಿತ ಸ್ಥಿರವಾಗಿರಬೇಕು. ಕುಡಿಯುವಾಗ ತುಟಿ ನೀಲಿಗಟ್ಟಿದರೆ, ಬೆರಳುಗಳನ್ನು ಬಿಡಿಸಿ ಚಾಚಿದರೆ, ಮುಖ ತಿರುಗಿಸಿದರೆ ಅದು "ಸಾಕು" ಎನ್ನುತ್ತಿದೆ. ಹೀರುವ ಬಲ ಇನ್ನೂ ಕಡಿಮೆಯಿರುವುದರಿಂದ ಕೊಳವೆಯ ಹಾಲು ಕೆಲಕಾಲ ಜೊತೆಗಿರಲೇಬೇಕು. ಹಾಲುಣಿಸುವ ಮುಂಚೆ ಮತ್ತು ಆಮೇಲೆ ತೂಗಿದರೆ ಎಷ್ಟು ಕುಡಿಯಿತೆಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ತಾಯಿ ಹತ್ತಿರವಿಲ್ಲದಾಗ ಬಾಟಲಿಯೊಂದೇ ದಾರಿಯೂ ಅಲ್ಲ. ನಮ್ಮ ಅಜ್ಜಿಯಂದಿರ ಒಳಲೆ ನೆನಪಿದೆಯೇ? ಅದನ್ನೇ ಭಾರತದ ಶಿಶುತಜ್ಞರು 'ಪಾಲಡೈ' ಎಂಬ ತಮಿಳು ಹೆಸರಿನಲ್ಲಿ ಬಳಸುತ್ತಾರೆ. ನಾನು ತವರಿನಿಂದ ತಂದ ಬೆಳ್ಳಿಯ ಒಳಲೆಯನ್ನು ಇಲ್ಲಿಯ ಸಹೋದ್ಯೋಗಿಯೊಬ್ಬಳು ದೀಪವೆಂದೇ ತಿಳಿದಿದ್ದಳು!

ಈ ಎಲ್ಲ ಸೂಚನೆಗಳನ್ನು ಗುರುತಿಸಲು ಯಾರಾದರೂ ಹತ್ತಿರ ಕುಳಿತಿರಬೇಕಲ್ಲ. ಕೂಸು ಎಚ್ಚರವಾಗಿ ಬಾಯಿಗೆ ಕೈ ತಂದುಕೊಳ್ಳುವ ಆ ಐದು ನಿಮಿಷ ನಮ್ಮ ಪಾಳಿಗೆ ಕಾಯುವುದಿಲ್ಲ. ಊರಿನ ಎಷ್ಟೋ ಆಸ್ಪತ್ರೆಗಳಲ್ಲಿ ತಾಯಿ ಬಾಗಿಲಾಚೆಯ ಬೆಂಚಿನ ಮೇಲಿರುತ್ತಾಳೆ. ಅದು ಬದಲಾಗಬಾರದೆಂದೇನಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ, ಸರ್ಕಾರಿ ವ್ಯವಸ್ಥೆಯೊಡನೆಯೇ ದುಡಿದು, ಕೂಸನ್ನು ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಜಾರಿಗೆ ತಂದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಬೇಕೆಂದು ಶಿಫಾರಸು ಮಾಡಿತು.

ಇಲ್ಲಿ ವಾರ್ಡಿನ ಬಾಗಿಲು ತೆರೆದಿದೆ, ಮಲಗಲು ಒರಗುಕುರ್ಚಿಯೂ ಇದೆ. ಆದರೆ ಅಲ್ಲಿ ಕುಳಿತಿರಲು ಯಾರಿಗೆ ಸಾಧ್ಯ? 2019ರ ಜನವರಿಯಿಂದ, ಹೊಸದಾಗಿ ಬಂದು ನೆಲೆಸಿದವರು ಸರ್ಕಾರದ ಹೆರಿಗೆ ರಜೆಯ ಹಣಕ್ಕೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ತಾತ್ಕಾಲಿಕ ವೀಸಾದಲ್ಲಿರುವ ಬಹುಪಾಲು ಜನಕ್ಕೆ ಅದು ದಕ್ಕುವುದೇ ಇಲ್ಲ. ಗಂಡನಿಗೆ ರಜೆ ಮುಗಿದಿರುತ್ತದೆ, ಬಾಣಂತನಕ್ಕೆ ಬರಬೇಕಾದ ಅಮ್ಮನ ವೀಸಾ ಬಂದಿರುವುದಿಲ್ಲ, ಮನೆಯಲ್ಲಿ ಇನ್ನೊಂದು ಮಗು. ಅಂಥ ತಾಯಿ ದಿನಕ್ಕೆ ಒಂದು ಗಂಟೆ ಬಂದು ಹೋದರೆ, ನಾವು ಕಡತದಲ್ಲಿ "ಕೂಸು ಮೊಲೆಯುಣ್ಣಲು ಸಿದ್ಧವಿಲ್ಲ" ಎಂದು ಬರೆಯುತ್ತೇವೆ.

ಕಳೆದ ಚಳಿಗಾಲದಲ್ಲಿ ಇದೇ ಬಡಾವಣೆಯ ಒಬ್ಬ ತಾಯಿಗೆ ಹೀಗೇ ಆಯಿತು. ಈ ಕೂಟದ ಮೂವರು ಸರದಿಯ ಮೇಲೆ ಅವಳ ಹಿರಿಯ ಮಗನನ್ನು ಶಾಲೆಗೆ ಬಿಟ್ಟು ಕರೆತಂದರು, ಇನ್ನಿಬ್ಬರು ಬುತ್ತಿ ಕಟ್ಟಿದರು. ಅವಳು ದಿನವಿಡೀ ಕೂಸಿನ ಬಳಿ ಕುಳಿತಳು. ನಾಲ್ಕನೆಯ ದಿನ ಅವಳೇ ನನ್ನನ್ನು ಕರೆದು, "ಅಕ್ಕಾ, ನುಂಗ್ತಿದೆ, ಕೇಳಿ" ಎಂದಳು. ನಾನು ಬಗ್ಗಿ ಕಿವಿಗೊಟ್ಟೆ. ಹೌದು, ನುಂಗುತ್ತಿತ್ತು.